ಎಪ್ಪತ್ತು ನಿಮಿಷದ ಬಿಡುವು

ಬಂದರಿನ ಹವಾಮಾನ ಕಚೇರಿಗೆ ತೊಂಬತ್ತೆರಡು ಮೆಟ್ಟಿಲು. ಆ ಮನುಷ್ಯ ಅಷ್ಟನ್ನೂ ಸಿಟ್ಟಿನಲ್ಲೇ ಹತ್ತಿ ಬಂದಿದ್ದ. ಬಾಗಿಲಲ್ಲಿ ನಿಂತಾಗ ಸಿಟ್ಟು ಉಳಿದಿತ್ತು, ಉಸಿರು ಉಳಿದಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದ. ಬರೀ ಏದುಸಿರು ಬಂತು.

"ಮೊದಲು ಕೂತ್ಕೊಳ್ಳಿ," ಎಂದಳು ಮೇಜಿನ ಹಿಂದಿದ್ದ ಹವಾಮಾನ ಅಧಿಕಾರಿ. "ನೀರು ಕುಡಿದು ಆಮೇಲೆ ಬೈಯಿರಿ."

ಅವನು ಕೂತ. ಒಂದು ಲೋಟ ಪೂರ್ತಿ ಕುಡಿದ. ನಂತರ ಎದ್ದು ಹೋಗಿ ಕಿಟಕಿಯ ಪರದೆಯನ್ನು ಸರ್ರನೆ ಎಳೆದ. ಹೊರಗೆ ಸಮುದ್ರ ಬಿಸಿಲಿಗೆ ಮೈ ಚೆಲ್ಲಿ ಮಲಗಿತ್ತು, ಒಂದು ಸುಕ್ಕೂ ಇಲ್ಲದೆ.

"ನೋಡಿ ಮೇಡಂ, ಚೆನ್ನಾಗಿ ನೋಡಿ. ನಿಮ್ಮ ಬಿರುಗಾಳಿ ಎಲ್ಲಿ? ಎಲ್ಲಾದ್ರೂ ಇಟ್ಟು ಮರೆತುಬಿಟ್ರಾ?"

ಆಗ ಅವಳಿಗೆ ಗೊತ್ತಾಯಿತು, ಇವನು ದ್ವೀಪಕ್ಕೆ ಹೋಗುವ ದೋಣಿಯ ಕ್ಯಾಪ್ಟನ್. ಅವಳು ಈ ಬಂದರಿಗೆ ಬಂದು ಒಂದೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ಮೂರು ಸಲ 'ದೋಣಿ ನಿಲ್ಲಿಸಿ' ಎಂದು ಎಚ್ಚರಿಕೆ ಕೊಟ್ಟಿದ್ದಳು. ಮೂರು ಸಲವೂ ಗಾಳಿ ಬೇರೆ ಕಡೆ ತಿರುಗಿ ಹೋಗಿತ್ತು.

"ದ್ವೀಪದಲ್ಲಿ ಒಂದು ಹುಡುಗಿ ಕೆಲಸದ ಇಂಟರ್‌ವ್ಯೂ ತಪ್ಪಿಹೋಯ್ತು ಅಂತ ಅಳ್ತಾ ಕೂತಿದಾಳೆ. ಅವಳಿಗೆ ನಾನೇನು ಹೇಳ್ಲಿ? ಬಿಸಿಲು ಜೋರಾಗಿತ್ತಮ್ಮಾ, ಅದಕ್ಕೇ ದೋಣಿ ಬಿಡಲಿಲ್ಲ ಅನ್ಲಾ?"

ಅವಳ ಹತ್ತಿರ ನಕ್ಷೆಗಳಿದ್ದವು, ಅಂಕಿಗಳಿದ್ದವು, ಸಮರ್ಥನೆಗೆ ಬೇಕಾದಷ್ಟು ಶಾಸ್ತ್ರವಿತ್ತು. ಅದೆಲ್ಲ ಬಿಟ್ಟು, "ತಪ್ಪಾಯ್ತು," ಎಂದಳು.

ಜಗಳಕ್ಕೆಂದೇ ಸಜ್ಜಾಗಿ ಬಂದವನು ಹಿಡಿದಿದ್ದ ಪರದೆಯನ್ನು ಬಿಟ್ಟ. ಅವಳ ಮುಖ ನೋಡಿದ, ಆಮೇಲೆ ಅವಳ ಕೈ ನೋಡಿದ. ಬೆರಳ ನಡುವೆ ಪೆನ್ನು ಸಣ್ಣಗೆ ನಡುಗುತ್ತಿತ್ತು. ಅವಳು ಗಕ್ಕನೆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಅವನು ತಕ್ಷಣ ಕಣ್ಣು ತಿರುಗಿಸಿ, ಗೋಡೆಯ ಗಡಿಯಾರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

ನೋಡಿಯೂ ನೋಡದ ಹಾಗಿದ್ದ ಆ ಮರ್ಯಾದೆ ಅವಳ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು.

"ಸರಿ ಬಿಡಿ ಮೇಡಂ," ಎಂದು ಅವನು ಮೆಟ್ಟಿಲಿಳಿದು ಹೋದ.

ಮೂಲೆಯಲ್ಲಿ ಮಳೆಯ ಅಳತೆ ಬರೆದುಕೊಳ್ಳುತ್ತಿದ್ದ ಹಿರಿಯ ವೀಕ್ಷಕರು ತಲೆ ಎತ್ತಿದರು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ, ಅದಕ್ಕೆ ಕಚೇರಿಯಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. "ಇಷ್ಟು ಮೆಟ್ಟಿಲು ಹತ್ತಿ ಬಂದು 'ಸರಿ ಬಿಡಿ' ಅಂತ ಹೋದ ಗಂಡಸನ್ನ ನಾನು ಇವತ್ತೇ ನೋಡಿದ್ದು," ಎಂದರು.

*

ಹದಿಮೂರು ವರ್ಷದ ನೌಕರಿಯಲ್ಲಿ ಅವಳು ಸುತ್ತದ ಜಾಗ ಕಡಿಮೆ. ಮೊದಲ ಕೆಲಸ ಬೆಟ್ಟದ ನೆತ್ತಿಯ ವೀಕ್ಷಣಾಲಯದಲ್ಲಿ. ಅಲ್ಲಿ ಮೋಡ ಕಿಟಕಿಯಿಂದ ಒಳಗೆ ಬಂದು ಫೈಲುಗಳನ್ನು ಒದ್ದೆ ಮಾಡಿ ಹೋಗುತ್ತಿತ್ತು. ಆಮೇಲೆ ಸಂಶೋಧನೆಯ ಹಡಗಿನಲ್ಲಿ ಹನ್ನೊಂದು ತಿಂಗಳು, ಅದರಲ್ಲಿ ಮೊದಲ ನಾಲ್ಕು ಬರೀ ವಾಂತಿ. ಆಮೇಲೆ ಮರಳುಗಾಡಿನ ಅಂಚಿನ ಸಣ್ಣ ವಿಮಾನ ನಿಲ್ದಾಣ. ಆಮೇಲೆ ಹಿಮದ ನಡುವಿನ ಶಿಬಿರ. ಗಾಳಿ ಅಳೆಯುವ ಬಲೂನು ಹಾರಿಸಲು ಹತ್ತು ಹೆಜ್ಜೆ ಹೊರಗೆ ಹೋಗಬೇಕಾದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಬಿಳಿಯಲ್ಲಿ ಬಾಗಿಲೇ ಕಳೆದುಹೋಗುತ್ತದೆ. ಅದಾದ ಮೇಲೆ ಇನ್ನೂ ಮೂರು ದೇಶ, ಮೂರು ಭಾಷೆ, ಮೂರು ಬಾಡಿಗೆ ಮನೆ. ಎಲ್ಲೂ ಎರಡು ವರ್ಷದ ಮೇಲೆ ನಿಂತವಳಲ್ಲ.

"ಭೂಮಿ ಮುಗೀತೇನೇ, ಇನ್ನೂ ಇದೆಯಾ?" ಎಂದು ಅವಳಮ್ಮ ಫೋನಿನಲ್ಲಿ ಕೇಳುತ್ತಿದ್ದರು.

ಹೋದಲ್ಲೆಲ್ಲ ಹೆದರಿಕೆಯೂ ಜೊತೆಗೆ ಬಂದಿತ್ತು. ವರದಿಗೆ ಸಹಿ ಹಾಕುವ ಮೊದಲು ಮೂರು ಸಲ ಓದುತ್ತಿದ್ದಳು. ಸ್ವಲ್ಪ ಅನುಮಾನ ಬಂದರೂ ಸಾಕು, 'ಬೇಡ, ನಿಲ್ಲಿಸಿ' ಎಂದು ಬರೆದುಬಿಡುತ್ತಿದ್ದಳು. ನಿಂತ ದೋಣಿ ಮುಳುಗುವುದಿಲ್ಲ.

ಆ ನಡೆಯದೆ ಹೋದ ಜಗಳದ ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಬಂತು.

"ಮೇಡಂ, ದೋಣಿ."

"ಯಾರು?"

"ದೋಣಿ ಮೇಡಂ, ನಿನ್ನೆ ಬೈಯೋಕೆ ಬಂದಿದ್ನಲ್ಲ. ಇವತ್ತು ಹೇಗಿದೆ?"

"ಬುಲೆಟಿನ್ ಮೊಬೈಲಿಗೆ ಬಂದಿಲ್ವಾ?"

"ಬಂದಿದೆ. ಅಕ್ಷರ ಸಣ್ಣದು."

"ಕನ್ನಡಕ ಹಾಕ್ಕೊಳ್ಳಿ."

"ಕನ್ನಡಕ ಮಾತಾಡಲ್ವಲ್ಲ ಮೇಡಂ."

ಅವಳು ನಗು ತಡೆದುಕೊಂಡು ಗಾಳಿ ಇಷ್ಟು, ಅಲೆ ಇಷ್ಟು ಎಂದು ಓದಿ ಹೇಳಿದಳು. ಅವನು ಶ್ರದ್ಧೆಯಿಂದ 'ಹೂಂ, ಹೂಂ' ಎಂದು ಕೇಳಿದ. ಮೂರನೇ ದಿನದ ಹೊತ್ತಿಗೆ ಅವಳೇ, "ಹೇಳಿ ದೋಣಿ," ಎನ್ನತೊಡಗಿದ್ದಳು. ಹತ್ತನೇ ದಿನ ಫೋನು ಆರು ಗಂಟೆ ನಾಲ್ಕು ನಿಮಿಷಕ್ಕೆ ಬಂತು. ಆ ನಾಲ್ಕು ನಿಮಿಷ ಅವಳು ಮಾಡಿದ ಕೆಲಸವೆಂದರೆ ಫೋನನ್ನು ನೋಡುತ್ತ ಕೂತದ್ದು.

ಮೇಷ್ಟ್ರು ಅದನ್ನು ಗಮನಿಸಿದರು. ಗಮನಿಸುವುದೇ ಅವರ ನೌಕರಿ.

*

ಊರಿನವರು ಅವಳಿಗೆ 'ಹವಾ ಮೇಡಂ' ಎಂದು ಹೆಸರಿಟ್ಟಿದ್ದರು. ಅದನ್ನು ಹೇಳಿದವಳು ದೋಣಿ ನಿಲ್ಲುವ ಜೆಟ್ಟಿಯ ಟಿಕೆಟ್ ಕಿಟಕಿಯಲ್ಲಿ ಕೂರುವ ಕ್ಯಾಪ್ಟನ್ನನ ಅಕ್ಕ. ಗಾಳಿ ಅಳೆಯುವ ಯಂತ್ರವನ್ನು ಪರೀಕ್ಷಿಸಲು ಹವಾ ಮೇಡಂ ವಾರಕ್ಕೊಮ್ಮೆ ಜೆಟ್ಟಿಗೆ ಇಳಿದು ಬರುತ್ತಿದ್ದಳು.

"ಊರೆಲ್ಲ ನಿಮ್ಮದೇ ಹವಾ," ಎಂದಳು ಅಕ್ಕ, ಕಿಟಕಿಯ ಸರಳುಗಳ ಹಿಂದಿನಿಂದ. "ಮುಖ ನೋಡಿದ್ರೆ ಇಷ್ಟೊಂದು ಗಾಳಿ ಎಬ್ಬಿಸೋರು ಅನ್ಸೋದೇ ಇಲ್ಲ. ನನ್ನ ತಮ್ಮ ಇತ್ತೀಚೆಗೆ ದಿನಾ ಶೇವ್ ಮಾಡ್ತಿದಾನೆ, ಗೊತ್ತಾ? ಫೋನಲ್ಲಿ ಗಡ್ಡ ಕಾಣಲ್ಲ ಕಣೋ ಅಂದೆ. ಕೇಳಲ್ಲ."

"ಅಕ್ಕಾ!" ದೋಣಿಯ ಮೇಲಿಂದ ಕೂಗು ಬಂತು.

"ನಾನು ಟಿಕೆಟ್ ಲೆಕ್ಕ ಹೇಳ್ತಿದೀನಿ, ನೀನು ಹಗ್ಗ ಸುತ್ತು!"

ಅವನು ಹಗ್ಗ ಸುತ್ತಿದ. ಸುತ್ತುತ್ತ ಒಮ್ಮೆ ಕಣ್ಣೆತ್ತಿದ. ಅವಳೂ ಆಗಲೇ ನೋಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಬೇರೆ ಕಡೆ ತಿರುಗಿದರು. ತಿರುಗಿದ ಕಡೆ ಇಬ್ಬರಿಗೂ ನೋಡಲು ಏನೂ ಇರಲಿಲ್ಲ.

ಅವನಿಗೆ ಹಿಂದೆ ಒಂದು ಸಂಸಾರವಿತ್ತೆಂದು ಅಕ್ಕನೇ ಹೇಳಿದ್ದು. "ನೀರಿನ ಮೇಲಿರೋರಿಗೆ ನೆಲದ ಮೇಲೆ ಕಾಯ್ತಾ ಕೂರೋದು ನನ್ನಿಂದಾಗಲ್ಲ" ಎಂದು ಹೆಂಡತಿ ಹೊರಟುಹೋಗಿ ಹನ್ನೆರಡು ವರ್ಷವಾಗಿತ್ತಂತೆ. "ಅವಳ ತಪ್ಪೂ ಇಲ್ಲ ಬಿಡಿ," ಎಂದಿದ್ದಳು ಅಕ್ಕ. "ಕಾಯೋದು ಅಂದ್ರೆ ಸುಲಭದ ಕೆಲಸ ಅಲ್ಲ."

ಒಂದು ಸಂಜೆ ಕೊನೆಯ ದೋಣಿ ಬಂದ ಮೇಲೆ ಅವನು ಜೆಟ್ಟಿಯ ಕಲ್ಲುಬೆಂಚಿಗೆ ಎರಡು ಕಪ್ ಚಹಾ ತಂದ. "ಒಂದು ಸಲ ದೋಣಿ ಹತ್ತಿ ಮೇಡಂ," ಎಂದ. "ಇಪ್ಪತ್ತೈದು ನಿಮಿಷ, ಅಷ್ಟೇ. ಹೋಗಿ ಬಂದುಬಿಡೋಣ."

"ಬೇಡ."

"ಇಷ್ಟು ದೇಶ ಸುತ್ತಿದವರು ಇಪ್ಪತ್ತೈದು ನಿಮಿಷಕ್ಕೆ ಹೆದರ್ತೀರಾ?"

"ಹೆದರ್ತೀನಿ," ಎಂದಳು ಅವಳು. ಆಮೇಲೆ ಯಾಕೋ, ಒಂಬತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು.

ಆ ಮರಳುಗಾಡಿನ ವಿಮಾನ ನಿಲ್ದಾಣದಲ್ಲಿ ಪುಟ್ಟ ವಿಮಾನವೊಂದನ್ನು ಓಡಿಸುವ ಪೈಲಟ್ ಇದ್ದ. ವಯಸ್ಸಾದವನು, ಅವಳನ್ನು ಮಗಳೇ ಎನ್ನುತ್ತಿದ್ದ. ಒಂದು ದಿನ ಒಬ್ಬ ವೈದ್ಯೆಯನ್ನು ಕೂರಿಸಿಕೊಂಡು ಪಕ್ಕದ ಊರಿಗೆ ಹೊರಟಿದ್ದ. ಇವಳು ಅಂಕಿ ನೋಡಿದಳು, ಆಕಾಶ ನೋಡಿದಳು, 'ಹೊರಡಿ' ಎಂದಳು. ವಿಮಾನ ಏರಿದ ಆರನೇ ನಿಮಿಷಕ್ಕೆ ಗಾಳಿ ಮೇಲಿನಿಂದ ಕೆಳಕ್ಕೆ ಅಪ್ಪಳಿಸಿತು, ವಿಮಾನ ನೆಲಕ್ಕೆ ಬಿತ್ತು, ಇಬ್ಬರೂ ಉಳಿಯಲಿಲ್ಲ. ಯಾವ ಯಂತ್ರವೂ ಆ ಗಾಳಿಯನ್ನು ಮುಂಚೆ ತೋರಿಸಿರಲಿಲ್ಲ. ವಿಚಾರಣೆಯಲ್ಲಿ ಎಲ್ಲರೂ ಅದನ್ನೇ ಹೇಳಿದರು, ನಿಮ್ಮ ತಪ್ಪಿಲ್ಲ ಎಂದು ಬರೆದುಕೊಟ್ಟರು.

"ಕಾಗದದಲ್ಲಿ ತಪ್ಪಿಲ್ಲ," ಎಂದಳು. "ಆದ್ರೆ ಹೊರಡಿ ಅಂದಿದ್ದು ನಾನೇ ತಾನೆ? ಆವತ್ತಿಂದ ಆ ಮಾತು ಬಾಯಿಗೆ ಬರ್ತಿಲ್ಲ. 'ಗಾಳಿ ಸಾಧಾರಣ, ಅಲೆ ಸಾಧಾರಣ' ಅಂತ ಓದ್ತೀನಿ. ಹೊರಡೋದು ಬಿಡೋದು ಅವರವರಿಗೆ ಬಿಟ್ಟಿದ್ದು."

ಅವನು ತನ್ನ ಕಪ್ಪನ್ನು ಬೆಂಚಿನ ಮೇಲಿಟ್ಟ. ಚಹಾ ತಣ್ಣಗಾಯಿತು.

"ಒಂದು ವಿಷಯ ಹೇಳ್ಲಾ?" ಎಂದ ಕೊನೆಗೆ. "ಯಾರಿಗೂ ಹೇಳಬಾರದು. ದಿನಾ ಬೆಳಿಗ್ಗೆ ಹಗ್ಗ ಬಿಚ್ಚುವಾಗ ನನ್ನ ಮೊಣಕಾಲು ನಡುಗುತ್ತೆ."

"ಇಪ್ಪತ್ತು ವರ್ಷ ಆದ್ಮೇಲೂ?"

"ಇಪ್ಪತ್ತಮೂರು. ಹಿಂದೆ ನೂರೈವತ್ತು ಜನ ಕೂತಿರ್ತಾರೆ. ಮಗು ಎತ್ತಿಕೊಂಡವರು, ಚೀಲ ತಬ್ಬಿಕೊಂಡು ನಿದ್ದೆ ಹೋದವರು. ಅವರೆಲ್ಲ ನನ್ನ ನಂಬಿ ನಿದ್ದೆ ಮಾಡ್ತಿದಾರಲ್ಲ, ಅದಕ್ಕೇ ಹೆದರಿಕೆ." ಅವನು ನಕ್ಕ. "ನಿಮ್ಮ ಕೈ ನಡುಗಿದ್ದು ಆವತ್ತು ನೋಡಿದೆ. ಅಬ್ಬಾ, ನಮ್ಮ ಜಾತಿಯವರು ಒಬ್ಬರು ಸಿಕ್ಕರು ಅನ್ನಿಸ್ತು. ಹೆದರುಪುಕ್ಕಲರ ಜಾತಿ."

ಅವಳು ನಗಲು ಹೋದಳು. ಕಣ್ಣು ತುಂಬಿ ಬಂತು. ಅವನು ಮತ್ತೆ ಏನೂ ನೋಡದವನಂತೆ ದೂರದ ದೀಪಸ್ತಂಭ ನೋಡತೊಡಗಿದ. ಆದರೆ ಈ ಸಲ ಅವನ ಕೈ ಬೆಂಚಿನ ಮೇಲೆ ಅವಳ ಕೈಯ ಪಕ್ಕಕ್ಕೆ ಬಂದು ನಿಂತಿತು. ನಡುವೆ ಒಂದು ಬೆರಳಿನಷ್ಟು ಜಾಗ. ಅದನ್ನು ದಾಟುವ ಧೈರ್ಯ ಇಬ್ಬರಲ್ಲಿ ಯಾರಿಗೂ ಬರಲಿಲ್ಲ.

*

ಮರುದಿನದಿಂದ ಅವಳಿಗೆ ಹೊಸ ಕಾಯಿಲೆ ಶುರುವಾಯಿತು. ದೋಣಿ ದ್ವೀಪದ ಕಡೆ ಹೊರಟರೆ ಅದು ಚುಕ್ಕೆಯಾಗುವವರೆಗೂ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಚುಕ್ಕೆ ಮಾಯವಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲು ಗಾಳಿಯನ್ನು ಊರಿಗೋಸ್ಕರ ನೋಡುತ್ತಿದ್ದವಳು, ಈಗ ಒಬ್ಬನಿಗೋಸ್ಕರ ನೋಡುತ್ತಿದ್ದಳು. ಒಂದು ಬೆಳಿಗ್ಗೆ ವರದಿಗೆ ಸಹಿ ಹಾಕುವಾಗ ಆ ಪೈಲಟ್‌ನ ಮುಖದ ಜಾಗದಲ್ಲಿ ಕ್ಯಾಪ್ಟನ್ನನ ಮುಖ ಕಂಡಿತು.

ಅಂದೇ ಅವಳು ಮುಖ್ಯ ಕಚೇರಿಗೆ ಪತ್ರ ಬರೆದಳು. ಹಿಮದ ಶಿಬಿರದಲ್ಲಿ ಖಾಲಿ ಇರುವ ಹುದ್ದೆಗೆ ತನ್ನನ್ನು ಕಳಿಸಬೇಕೆಂದು ಕೇಳಿಕೊಂಡಳು. ಅಲ್ಲಿಗೆ ಯಾರೂ ಆಸೆಪಟ್ಟು ಹೋಗುವವರಿಲ್ಲ. ಹದಿನೈದು ದಿನದಲ್ಲಿ ಆದೇಶ ಬಂತು.

ಕ್ಯಾಪ್ಟನ್ನನಿಗೆ ಹೇಳಬೇಕೆಂದು ದಿನಾ ಅಂದುಕೊಂಡಳು, ಹೇಳಲಿಲ್ಲ. ಮೇಷ್ಟ್ರು ಬಾಯಿತಪ್ಪಿ ಹೇಳಿದರು, ಅಥವಾ ಬೇಕೆಂದೇ ಹೇಳಿದರು.

ಆರು ಗಂಟೆಯ ಫೋನು ಮಾರನೆಯ ದಿನವೂ ಬಂತು.

"ಹೇಳಿ ದೋಣಿ."

"ಹೊರಟಿದೀರಂತೆ."

ಅವಳು ಮೇಜಿನ ಮೇಲಿದ್ದ ಆದೇಶವನ್ನು ತಿರುಗಿಸಿಟ್ಟಳು.

"ಅವರಾಗಿ ಹಾಕಿದ್ದಾ, ನೀವಾಗಿ ಕೇಳಿದ್ದಾ?"

"ನಾನೇ ಕೇಳಿದ್ದು."

ಆ ಕಡೆ ಎಂಜಿನ್ನು ಶುರುವಾದ ಸದ್ದು ಕೇಳಿಸಿತು. "ಅಲ್ಲಿ ದೋಣಿ ಗೀಣಿ ಇರಲ್ಲ ಅಲ್ವಾ ಮೇಡಂ," ಎಂದ ಅವನು. "ಒಳ್ಳೇದಾಯ್ತು ಬಿಡಿ. ಇನ್ಮೇಲೆ ಕನ್ನಡಕ ಹಾಕ್ಕೋತೀನಿ."

ಆಮೇಲೆ ಆರು ದಿನ ಫೋನು ಬರಲಿಲ್ಲ.

*

ಏಳನೆಯ ದಿನ ಬಿರುಗಾಳಿ ಬಂತು. ಈ ಸಲ ತಪ್ಪಿರಲಿಲ್ಲ. ಅವಳು ಹಿಂದಿನ ದಿನವೇ ದೋಣಿ ನಿಲ್ಲಿಸಿದ್ದಳು. ಬೆಳಿಗ್ಗೆ ಎಂಟಕ್ಕೆ ಮೊದಲ ಮಳೆಪಟ್ಟಿ, ಬಿರುಗಾಳಿಯ ಸುತ್ತ ತಿರುಗುವ ಮಳೆಮೋಡದ ಸಾಲು, ಬಂದರಿನ ಮೇಲೆ ಬಿತ್ತು. ಕಚೇರಿಯ ಗಾಜುಗಳು ಹಲ್ಲು ಕಡಿಯುವಂತೆ ಕಟಕಟ ಎಂದವು. ಅಲೆಗಳು ತಡೆಗೋಡೆಯನ್ನು ಹಾರಿ ಜೆಟ್ಟಿಯ ಕಲ್ಲುಬೆಂಚುಗಳನ್ನು ಮುಳುಗಿಸಿದವು.

ಹನ್ನೊಂದರ ಸುಮಾರಿಗೆ ಬಂದರು ಅಧಿಕಾರಿಯ ಫೋನು. ಕ್ಯಾಪ್ಟನ್ನನ ಅಕ್ಕ ಎರಡು ದಿನದ ಹಿಂದೆ ಅತ್ತೆಯನ್ನು ನೋಡಲು ದ್ವೀಪಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದಳು. ರಾತ್ರಿಯಿಂದ ಹೊಟ್ಟೆನೋವು. ಅಪೆಂಡಿಕ್ಸ್ ಒಡೆದಿದೆ, ಮೂರು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಕಷ್ಟ ಎಂದು ಅಲ್ಲಿನ ನರ್ಸ್ ಹೇಳಿದ್ದಾರೆ. ಹೆಲಿಕಾಪ್ಟರ್‌ನವರು ಈ ಗಾಳಿಯಲ್ಲಿ ಆಗುವುದಿಲ್ಲ ಎಂದಿದ್ದಾರೆ.

"ಕ್ಯಾಪ್ಟನ್ ದೋಣಿ ತಗೊಂಡು ಹೋಗ್ತೀನಿ ಅಂತ ಕೂತಿದಾನೆ," ಎಂದರು ಅಧಿಕಾರಿ. "ನಾನು ಬಿಡಲ್ಲ ಮೇಡಂ. ನೀವು ಬಾಯಿಬಿಟ್ಟು ಹೂಂ ಅಂದ್ರೆ ಮಾತ್ರ ಹಗ್ಗ ಬಿಚ್ಚಿಸ್ತೀನಿ. ಇಲ್ಲಾಂದ್ರೆ ಇಲ್ಲ."

ರೇಡಾರಿನ ಪರದೆಯ ಮೇಲೆ ಮೊದಲ ಮಳೆಪಟ್ಟಿ ಕೆಂಪಗೆ ದಾಟಿ ಹೋಗುತ್ತಿತ್ತು. ಅದರ ಹಿಂದೆ ಎರಡನೆಯದು, ಇನ್ನೂ ದಪ್ಪ, ಇನ್ನೂ ಕೆಂಪು. ಎರಡರ ನಡುವೆ ತೆಳ್ಳಗೆ ಹಸಿರು ಜಾಗ. ಅವಳು ಅಳೆದಳು, ಮತ್ತೆ ಅಳೆದಳು. ಹೋಗಲು ಇಪ್ಪತ್ತೈದು ನಿಮಿಷ, ಬರಲು ಇಪ್ಪತ್ತೈದು, ಹತ್ತಿಸಿಕೊಳ್ಳಲು ಹದಿನೈದು.

'ಬೇಡ' ಎಂದರೆ ಯಾರೂ ಅವಳನ್ನು ಬೈಯುವವರಿಲ್ಲ. ಅಕ್ಕ ಸತ್ತರೆ ಅದು ಕಾಯಿಲೆಯ ತಪ್ಪು, ಗಾಳಿಯ ತಪ್ಪು. 'ಹೂಂ' ಎಂದು ಅವನು ಮುಳುಗಿದರೆ ಅದು ಅವಳದು. ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರು.

ಫೋನು ಮತ್ತೆ ಬಂತು.

"ಮೇಡಂ, ದೋಣಿ."

ಆರು ದಿನದ ಮೇಲೆ ಅದೇ ದನಿ.

"ಅಕ್ಕನ ವಿಷಯ ಬಿಡಿ," ಎಂದ ಅವನು. "ನನ್ನ ವಿಷಯಾನೂ ಬಿಡಿ. ಪರದೆ ಮೇಲೆ ಏನಿದೆ ಅಷ್ಟು ಹೇಳಿ. ಆಗಲ್ಲ ಅಂತ ನಿಮಗೆ ಕಂಡರೆ ಆಗಲ್ಲ ಅನ್ನಿ. ನಾನು ಇಲ್ಲೇ ಕೂತ್ಕೋತೀನಿ. ಯಾಕೆ ಬೇಡ ಅಂದ್ರಿ ಅಂತ ಜನ್ಮದಲ್ಲಿ ಕೇಳಲ್ಲ."

ಅವಳು ಪರದೆ ನೋಡಿದಳು. ಹಸಿರು ಹಾಗೇ ಇತ್ತು. ಹೆದರಿಕೆ ಏನೇ ಹೇಳಲಿ, ಅಂಕಿ ಬೇರೆ ಹೇಳುತ್ತಿತ್ತು.

"ಎಪ್ಪತ್ತು ನಿಮಿಷ ಬಿಡುವಿದೆ," ಎಂದಳು. ತನ್ನದೇ ದನಿ ತನಗೆ ಗುರುತು ಸಿಗಲಿಲ್ಲ. "ಹನ್ನೊಂದೂವರೆಯಿಂದ. ತೆಂಕಣ ಗಾಳಿ ಇರುತ್ತೆ, ಆದ್ರೆ ತಡ್ಕೋಬಹುದು. ಹನ್ನೆರಡೂ ನಲವತ್ತಕ್ಕೆ ನೀವು ತಡೆಗೋಡೆ ಒಳಗಿರಬೇಕು."

"ಅಂದ್ರೆ?"

ಅವನು ಬೇಕೆಂದೇ ಕೇಳಿದ್ದ. ಅವಳಿಗೆ ಗೊತ್ತಾಯಿತು.

"ಹೊರಡಿ," ಎಂದಳು.

*

ಹನ್ನೊಂದೂವರೆಗೆ ಸರಿಯಾಗಿ ಮಳೆ ನಿಂತಿತು. ದೋಣಿ ತಡೆಗೋಡೆ ದಾಟಿ ಬೂದು ನೀರಿಗೆ ಇಳಿದದ್ದನ್ನು ಅವಳು ಕಿಟಕಿಯಿಂದ ಕಂಡಳು. ಆಮೇಲೆ ಮಂಜು ಮುಸುಕಿತು, ಏನೂ ಕಾಣಲಿಲ್ಲ.

ಇಪ್ಪತ್ತಾರನೇ ನಿಮಿಷಕ್ಕೆ ರೇಡಿಯೋ ಕರ್ ಎಂದಿತು. "ದ್ವೀಪ ಮುಟ್ಟಿದೆ."

ಅವಳು ಪರದೆಗೆ ಕಣ್ಣು ಅಂಟಿಸಿದಳು. ನಲವತ್ತನೇ ನಿಮಿಷಕ್ಕೆ ಎರಡನೆಯ ಪಟ್ಟಿಯ ಅಂಚು ಸ್ವಲ್ಪ ಉಬ್ಬಿದಂತೆ ಕಂಡಿತು. ಕಣ್ಣಿನ ಭ್ರಮೆ ಇರಬೇಕು ಎಂದುಕೊಂಡಳು. ಮುಂದಿನ ಚಿತ್ರದಲ್ಲಿ ಅದು ಭ್ರಮೆಯಾಗಿ ಉಳಿಯಲಿಲ್ಲ. ಪಟ್ಟಿ ಓಡಿ ಬರುತ್ತಿತ್ತು.

"ಮೇಷ್ಟ್ರೇ," ಎಂದಳು. "ಹದಿನೈದು ನಿಮಿಷ ಮುಂಚೆ ಬರ್ತಿದೆ."

ರೇಡಿಯೋದಲ್ಲಿ ಕೂಗಿದಳು. ಗಾಳಿ ಮುಂಚೆ ಬರ್ತಿದೆ, ದ್ವೀಪ ಬಿಡಬೇಡಿ, ಕೇಳಿಸ್ತಿದೆಯಾ, ಬಿಡಬೇಡಿ. ಗರಗರ ಸದ್ದು ಬಿಟ್ಟರೆ ಉತ್ತರವಿಲ್ಲ. ದೋಣಿ ಆಗಲೇ ಬಿಟ್ಟಿತ್ತೋ ಇಲ್ಲವೋ ಅವಳಿಗೆ ತಿಳಿಯದು. ಅವಳ ಲೆಕ್ಕದಲ್ಲಿ ಈಗಷ್ಟೇ ಬಿಟ್ಟಿರಬೇಕು. ಹಾಗಿದ್ದರೆ ಗಾಳಿ ಅವನನ್ನು ಸಮುದ್ರದ ನಟ್ಟನಡುವೆ ಹಿಡಿಯುತ್ತದೆ.

ಐವತ್ತೈದನೇ ನಿಮಿಷಕ್ಕೆ ತಡೆಗೋಡೆಯ ಮೇಲಿನ ಗಾಳಿಯಂತ್ರದ ಅಂಕಿ ಹದಿನೆಂಟರಿಂದ ಐವತ್ತೆರಡಕ್ಕೆ ಹಾರಿತು. ಮರುಕ್ಷಣ ಹೊರಗಿನ ಜಗತ್ತೇ ಅಳಿಸಿಹೋಯಿತು. ಕಿಟಕಿಯಾಚೆ ಬಿಳಿ ನೀರು ಬಿಟ್ಟರೆ ಏನೂ ಇಲ್ಲ. ರೇಡಿಯೋ ಸತ್ತು ಬಿದ್ದಿತ್ತು.

ಅವಳು ಎದ್ದಳು. ಮೇಷ್ಟ್ರು, "ಎಲ್ಲಿಗಮ್ಮಾ, ಹುಚ್ಚಾ?" ಎಂದದ್ದು ಹಿಂದೆ ಎಲ್ಲೋ ಕೇಳಿತು. ಮೆಟ್ಟಿಲಿನ ಕಂಬಿ ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿದಳು. ಮಳೆ ಬೆನ್ನಿಗೆ ಮರಳಿನಂತೆ ಹೊಡೆಯುತ್ತಿತ್ತು. ಎರಡು ಸಲ ಕುಸಿದು ಬಿದ್ದಳು. ಹೋಗಿ ಮಾಡುವುದೇನು ಎಂದು ಗೊತ್ತಿರಲಿಲ್ಲ. ಮೇಲೆ ಕೂತು ಕಾಯಲು ಅವಳಿಂದ ಆಗಲಿಲ್ಲ, ಅಷ್ಟೇ.

ಜೆಟ್ಟಿಯ ತುದಿಯಲ್ಲಿ ಜನ ಓಡಾಡುತ್ತಿದ್ದರು. ಯಾರೋ ಹಗ್ಗ ಎಸೆಯುತ್ತಿದ್ದರು. ಹಗ್ಗದ ಆ ತುದಿಯಲ್ಲಿ, ಪಕ್ಕ ಜಜ್ಜಿಹೋಗಿ, ಆಂಟೆನಾ ಮುರಿದು, ವಾಲಿಕೊಂಡು ದೋಣಿ ನಿಂತಿತ್ತು. ತಡೆಗೋಡೆಯ ಒಳಗೆ.

ಮೊದಲು ಸ್ಟ್ರೆಚರ್ ಬಂತು, ಕಂಬಳಿಯಲ್ಲಿ ಸುತ್ತಿದ ಅಕ್ಕ, ಕಣ್ಣು ಮುಚ್ಚಿಕೊಂಡು ನರಳುತ್ತ. ಆಂಬುಲೆನ್ಸಿನ ಬಾಗಿಲು ಹಾಕಿಕೊಂಡಿತು. ಆಮೇಲೆ ಇಬ್ಬರ ಹೆಗಲ ಮೇಲೆ ಭಾರ ಹಾಕಿಕೊಂಡು ಅವನು ಇಳಿದ. ಎಡಗೈ ತೋಳಿನಿಂದ ಕೆಳಗೆ ತಿರುಚಿಕೊಂಡಿತ್ತು. ಅವಳನ್ನು ಕಂಡು ನಿಂತ.

"ಬೈಬೇಡಿ," ಎಂದ, "ನೆನೆದುಬಿಟ್ಟಿದೀರಿ." ಅಷ್ಟು ಹೇಳಿ ಕುಸಿದ.

*

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಸಿಲು ಬಿದ್ದಿತ್ತು. ಅಕ್ಕನ ಆಪರೇಷನ್ ಆಗಿತ್ತು, ಅಪಾಯ ದಾಟಿದ್ದಳು. ಕ್ಯಾಪ್ಟನ್ ಬೆಂಚಿನ ಮೇಲೆ ಕೂತಿದ್ದ, ಎಡಗೈಗೆ ಬಿಳಿ ಪಟ್ಟಿ. ಅವಳು ಬಂದು ಎದುರಿಗೆ ನಿಂತಳು. ಕೂರಲಿಲ್ಲ.

"ಹದಿನೈದು ನಿಮಿಷ ತಪ್ಪಾಯ್ತು," ಎಂದಳು.

"ಗೊತ್ತು."

"ನಾನು ಎಪ್ಪತ್ತು ಅಂದೆ. ಐವತ್ತೈದೇ ಇದ್ದಿದ್ದು. ನನ್ನ ಲೆಕ್ಕದ ಪ್ರಕಾರ ಬಂದಿದ್ರೆ ನೀವು, ನಿಮ್ಮಕ್ಕ, ಇಬ್ಬರೂ..." ಮುಂದೆ ಹೇಳಲಾಗಲಿಲ್ಲ.

"ನಿಮ್ಮ ಲೆಕ್ಕದ ಪ್ರಕಾರ ಬರಲಿಲ್ವಲ್ಲ. ಹೊರಡೋ ಮುಂಚೆ ದ್ವೀಪಕ್ಕೆ ಫೋನು ಮಾಡಿ, ಅಕ್ಕನ್ನ ಮಂಚ ಸಮೇತ ಜೆಟ್ಟಿ ತುದೀಲಿ ತಂದಿಡಿ ಅಂದಿದ್ದೆ. ದೋಣಿ ಕಟ್ಟಲೇ ಇಲ್ಲ. ಮೂರು ನಿಮಿಷದಲ್ಲಿ ಹತ್ತಿಸಿಕೊಂಡು ತಿರುಗಿಸಿಬಿಟ್ಟೆ."

ಅವಳು ಅವನನ್ನೇ ನೋಡಿದಳು. "ಅಂದ್ರೆ ನನ್ನ ನಂಬಲಿಲ್ಲ."

"ನಿಮ್ಮನ್ನ ನಂಬಿದೆ," ಎಂದ ಅವನು. "ಗಾಳೀನ ನಂಬಲಿಲ್ಲ."

ಬೆಂಚಿನ ಅಂಚಿನಲ್ಲಿ ಕೂತುಬಿಟ್ಟಳು. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಒಂಬತ್ತು ವರ್ಷದ್ದನ್ನೆಲ್ಲ. ಓಡಾಡುವ ನರ್ಸುಗಳು ನೋಡುತ್ತಿದ್ದರು. ಈ ಸಲ ಅವನು ಬೇರೆ ಕಡೆ ನೋಡಲಿಲ್ಲ.

"ನೀವು ತಪ್ಪು ಹೇಳ್ತೀರಿ ಅಂತ ನನಗೆ ಗೊತ್ತಿರಬೇಕು," ಎಂದ ಮೆಲ್ಲಗೆ. "ನಾನು ತಪ್ಪು ಮಾಡ್ತೀನಿ ಅಂತ ನಿಮಗೆ ಗೊತ್ತಿರಬೇಕು. ಆ ಲೆಕ್ಕ ಹಿಡಿದೇ ಇಬ್ಬರೂ ಬದುಕೋಣ. ಅದಕ್ಕೂ ಮೇಲೆ ಗಾಳಿ ಬಂದ್ರೆ, ಬಂತು. ನೀವೊಬ್ಬರೇ ಹೊತ್ಕೊಂಡು ಹಿಮದಲ್ಲಿ ಹೋಗಿ ಯಾಕೆ ಕೂರ್ತೀರಿ?"

"ನೀವು ದೋಣಿ ತಗೊಂಡು ಹೋದಾಗೆಲ್ಲ ನನಗೆ ಜೀವ ಹೋಗುತ್ತೆ," ಎಂದಳು ಅವಳು. "ಚುಕ್ಕೆ ಆಗೋವರೆಗೂ ನೋಡ್ತೀನಿ. ಆಮೇಲೆ ಅದೂ ಕಾಣಲ್ಲ. ನಿಮ್ಮನ್ನ ಇಷ್ಟಪಡೋದು ಅಂದ್ರೆ ದಿನಾ ಇದೇನಾ?"

ಬಾಯಿಂದ ಜಾರಿದ ಮಾತು ಇಬ್ಬರ ನಡುವೆ ನಿಂತಿತು. ಅವನ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಿವಿ ಕೆಂಪಾಯಿತು.

"ದಿನಾ ಇದೇ," ಎಂದ. "ಸುಳ್ಳು ಹೇಳಲ್ಲ. ನನಗೂ ಹಾಗೇ. ನೀವು ಹೊರಟ್ರಿ ಅಂತ ಗೊತ್ತಾದ ದಿನ ನೆಟ್ಟಗೆ ದೋಣಿ ಕಟ್ಟೋಕೆ ಆಗಲಿಲ್ಲ ನನಗೆ. ಗಂಟು ಬರಲಿಲ್ಲ. ಇಪ್ಪತ್ತಮೂರು ವರ್ಷದ ಗಂಟು!" ಸ್ವಲ್ಪ ತಡೆದು, "ಹೆದರ್ಕೊಂಡೇ ಇರಿ. ಆದ್ರೆ ಇಲ್ಲೇ ಇರಿ," ಎಂದ.

ವಾರ್ಡಿನ ಬಾಗಿಲ ಹಿಂದಿನಿಂದ ಸಣ್ಣ, ಸೋತ ದನಿ ಬಂತು. "ಲೋ... ಇನ್ನೂ ಎಷ್ಟು ಹೊತ್ತೋ? ಹೊಟ್ಟೆಗೆ ಹೊಲಿಗೆ ಹಾಕಿದಾರೆ, ಕಿವಿಗಲ್ಲ. ಎಲ್ಲ ಕೇಳಿಸ್ತಿದೆ."

ಅವಳು ಅಳುವಿನ ನಡುವೆಯೇ ನಕ್ಕುಬಿಟ್ಟಳು. ಕೆನ್ನೆ ಒರೆಸಿಕೊಂಡು, ಚೀಲದಿಂದ ಫೋನು ತೆಗೆದಳು. ಅಲ್ಲೇ, ಅವನ ಎದುರಿಗೇ, ಮುಖ್ಯ ಕಚೇರಿಯ ನಿರ್ದೇಶಕರಿಗೆ ಮಾಡಿದಳು.

"ಸರ್, ಆ ಆದೇಶ ರದ್ದು ಮಾಡಿ. ನಾನು ಹೋಗಲ್ಲ."

"ಏನಮ್ಮಾ ಇದು? ನೀವೇ ಕೈಯಾರೆ ಬರೆದು ಕೇಳಿದ್ದಲ್ವಾ?"

"ಹೌದು ಸರ್. ಆಗ ಹೆದರಿಕೆ ಆಗಿತ್ತು."

"ಮತ್ತೆ ಈಗ?"

ಅವಳು ಪಕ್ಕಕ್ಕೆ ನೋಡಿದಳು. ಅವನ ಬಲಗೈ ಬೆಂಚಿನ ಮೇಲಿತ್ತು. ಅಂಗೈ ಮೇಲಕ್ಕೆ ತೆರೆದಿತ್ತು, ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅವಳು ತನ್ನ ಕೈಯನ್ನು ಅದರ ಮೇಲಿಟ್ಟು ಬಿಗಿಯಾಗಿ ಹಿಡಿದಳು.

"ಈಗಲೂ ಇದೆ ಸರ್," ಎಂದು ಫೋನು ಇಟ್ಟಳು.